ಬೇರಾರ್ ವಾಪಸು ಕೇಳಿದ ದಿವಾನ: ಮೊದಲನೆಯ ಸಾಲಾರ್ ಜಂಗ್



ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆಯವರು ಹೈದರಾಬಾದಿಗೆ ಹೋದರೆ ಚಾರ್‌ಮಿನಾರ್ ನೋಡಿದ ಮೇಲೆ ಸಾಲಾರ್ ಜಂಗ್ ಮ್ಯೂಸಿಯಂ ನೋಡದೆ ಬರುವುದು ಅಪರೂಪ. ಅಲ್ಲಿ ಗಂಟೆ ಬಾರಿಸುವ ಗಡಿಯಾರದ ಮುಂದೆ ಜನ ಕಾದು ಕೂಡುತ್ತಾರೆ. ಮುಸುಕು ಹೊದ್ದ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯನ್ನು ಕಂಡು ಬೆರಗಾಗುತ್ತಾರೆ. ಮ್ಯೂಸಿಯಂನ ಸಂಗ್ರಹದಲ್ಲಿ ಬಹುಪಾಲು ಮೂರನೆಯ ಸಾಲಾರ್ ಜಂಗ್ ಅವರದು. ಆದರೆ ಈ ರೆಬೆಕ್ಕಾಳನ್ನು 1876ರಲ್ಲಿ ರೋಮ್ ನಗರದಲ್ಲಿ ಕೊಂಡವರು ಅವರ ತಾತ, ಮೊದಲನೆಯ ಸಾಲಾರ್ ಜಂಗ್. ಅವರು ಯುರೋಪಿಗೆ ಹೋದದ್ದು ಮೂರ್ತಿ ಕೊಳ್ಳಲಿಕ್ಕಲ್ಲ. ಕೈತಪ್ಪಿ ಹೋಗಿದ್ದ ಹತ್ತಿಯ ಸೀಮೆಯೊಂದನ್ನು ಲಂಡನ್ನಿನ ದೊರೆಗಳಿಂದ ವಾಪಸು ಕೇಳಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ಆ ಸೀಮೆಯ ಹೆಸರು ಬೇರಾರ್. ಅದರ ಜೊತೆಯಲ್ಲೇ ಕೈತಪ್ಪಿದ್ದ ಇನ್ನೊಂದು ಸೀಮೆ ನಮ್ಮ ನೆರೆಯ ರಾಯಚೂರು ದೋಆಬ್. ಒಂದು ಮರಳಿ ಬಂತು, ಇನ್ನೊಂದು ಬರಲಿಲ್ಲ. ಈ ಲೆಕ್ಕದಲ್ಲಿ ನಮ್ಮ ಸುರಪುರವೂ ಸೇರಿಕೊಂಡಿತು. ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಅವರ ನಿಜ ಹೆಸರು ಮೀರ್ ತುರಾಬ್ ಅಲಿ ಖಾನ್. ಜನನ 21 ಜನವರಿ 1829. ಸಾಲಾರ್ ಜಂಗ್ ಎಂಬುದು ದರ್ಬಾರು ಕೊಟ್ಟ ಬಿರುದು. ಅವರ ಹಿರಿಯರು ಮೊದಲು ವಿಜಯಪುರದ ಆದಿಲ್‌ಶಾಹಿಗಳ ಸೇವೆಯಲ್ಲಿದ್ದವರು, ನಂತರ ದೆಹಲಿ ಬಾದಶಹರ ಸೇವೆಯಲ್ಲಿದ್ದು, ಕೊನೆಗೆ ನಿಜಾಮರ ಆಶ್ರಯಕ್ಕೆ ಬಂದವರು. ಮನೆತನದಲ್ಲಿ ದಿವಾನಗಿರಿ ಹೊಸದೇನಲ್ಲ. ಮೀರ್ ಆಲಂ, ಮುನೀರ್-ಉಲ್-ಮುಲ್ಕ್, ಸಿರಾಜ್-ಉಲ್-ಮುಲ್ಕ್ ಎಲ್ಲರೂ ಆ ಪದವಿಯಲ್ಲಿ ಕುಳಿತವರೇ. ತಂದೆ ಬೇಗ ತೀರಿಕೊಂಡದ್ದರಿಂದ ಹುಡುಗ ಚಿಕ್ಕಂದಿನಲ್ಲೇ ಅನಾಥನಾದ. ಅರಬ್ಬಿ ಪಾರ್ಸಿಯ ಜೊತೆಗೆ ಇಂಗ್ಲಿಷನ್ನೂ ಕಲಿತ. ಆ ಕಾಲದ ಹೈದರಾಬಾದಿನ ನವಾಬರ ಮನೆಯ ಹುಡುಗನಿಗೆ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಆ ಇಂಗ್ಲಿಷ್ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಮುಂದೆ ನೀವೇ ನೋಡುತ್ತೀರಿ. 20 ತುಂಬುವ ಮೊದಲೇ ಖಮ್ಮಂ ಕಡೆ ತಾಲ್ಲೂಕುದಾರರಾಗಿ ಹೋಗಿ ಕಂದಾಯದ ಕೆಲಸವನ್ನು ಬುಡದಿಂದ ಕಲಿತರು.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರೂ ಫ್ರೆಂಚರೂ ದಕ್ಷಿಣದ ದರ್ಬಾರುಗಳಲ್ಲಿ ತಮ್ಮ ತಮ್ಮ ಪ್ರಭಾವಕ್ಕಾಗಿ ಕಚ್ಚಾಡುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಫ್ರೆಂಚರ ನೆರವನ್ನು ನಂಬಿದ್ದರು. ಹೈದರಾಬಾದಿನಲ್ಲೂ ರೇಮಂಡ್ ಎಂಬ ಫ್ರೆಂಚ್ ಸೇನಾನಿಯ ಕೈಕೆಳಗೆ ಸಾವಿರಾರು ಸಿಪಾಯಿಗಳ ಪಡೆಯಿತ್ತು. 1798ರಲ್ಲಿ ರೇಮಂಡ್ ತೀರಿಕೊಂಡ. ಅದೇ ವರ್ಷ ಕಂಪನಿ ನಿಜಾಮರೊಂದಿಗೆ ಒಪ್ಪಂದ ಮಾಡಿಕೊಂಡು ಫ್ರೆಂಚ್ ಪಡೆಯ ಆಯುಧಗಳನ್ನು ಕೆಳಗಿಡಿಸಿತು. ಆ ಜಾಗಕ್ಕೆ ಕಂಪನಿಯ ಸೈನ್ಯ ಬಂತು. ಖರ್ಚು ಮಾತ್ರ ನಿಜಾಮರದು. 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ನಿಜಾಮರ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು 1800ರಲ್ಲಿ ಆ ಸೈನ್ಯದ ಖರ್ಚಿಗೆಂದು ಕಂಪನಿಗೇ ಬಿಟ್ಟುಕೊಡಬೇಕಾಯಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಇಷ್ಟಕ್ಕೇ ಮುಗಿಯಲಿಲ್ಲ. 1800ರ ಒಪ್ಪಂದದಲ್ಲಿ ಯುದ್ಧ ಬಂದರೆ ನಿಜಾಮರು 6,000 ಕಾಲಾಳು, 9,000 ಕುದುರೆ ಸವಾರರನ್ನು ಒದಗಿಸಬೇಕು ಎಂದಿತ್ತು. ಯುದ್ಧ ಬಂದರೆ ಎಂಬ ಮಾತನ್ನು ಗಮನಿಸಿರಿ. ಆದರೆ ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ಪಡೆ ಹುಟ್ಟಿತು. ಶಾಂತಿಯ ಕಾಲದಲ್ಲೂ ಅದು ಕಾಯಂ ಆಗಿ ಉಳಿಯಿತು. ಅಧಿಕಾರಿಗಳಿಗೆ ಭಾರಿ ಸಂಬಳ, ಭತ್ಯೆ. ಬಿಲ್ಲು ನಿಜಾಮರ ಖಜಾನೆಗೆ. ಖಜಾನೆ ಬರಿದಾದಾಗ ಪಾಮರ್ ಕಂಪನಿ ಎಂಬ ಹೈದರಾಬಾದಿನ ಸಾಹುಕಾರಿ ಸಂಸ್ಥೆ ಭಾರಿ ಬಡ್ಡಿಗೆ ಸಾಲ ಕೊಟ್ಟಿತು. ಆ ಸಾಲ ತೀರಿಸಲು 1823ರ ಸುಮಾರಿಗೆ ಕಂಪನಿ ಸರಕಾರವೇ ಮುಂದೆ ಬಂತು. ಬದಲಿಗೆ ಕರಾವಳಿಯ ಉತ್ತರ ಸರ್ಕಾರುಗಳಿಗಾಗಿ ತಾನು ನಿಜಾಮರಿಗೆ ವರ್ಷವರ್ಷ ಕೊಡಬೇಕಿದ್ದ ಪೇಷ್ಕಷ್ ಅನ್ನು ಶಾಶ್ವತವಾಗಿ ನಿಲ್ಲಿಸಿತು. ಮತ್ತೆ ಕಂಟಿಂಜೆಂಟಿನ ಬಾಕಿ ಬೆಳೆಯಿತು. ಹೀಗೆ ಸಾಲದಿಂದ ಸಾಲ ಹುಟ್ಟುತ್ತ 1853ರ ಹೊತ್ತಿಗೆ ಕಂಪನಿ ತನಗೆ ಬರಬೇಕಾದದ್ದು 40 ಲಕ್ಷಕ್ಕೂ ಮೇಲೆಂದು ಲೆಕ್ಕ ತೋರಿಸಿತು.

ಆಗಿನ ಗವರ್ನರ್ ಜನರಲ್ ಡಾಲ್‌ಹೌಸಿ. ಅವನಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಭೂಮಿ, ಅದರಲ್ಲೂ ಎರೆಭೂಮಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳು ಆಗ ಅಮೆರಿಕದ ಹತ್ತಿಯನ್ನೇ ನಂಬಿ ಕೂತಿದ್ದವು. ಬೇರೆ ಕಡೆ ಹತ್ತಿ ಸಿಕ್ಕೀತೇ ಎಂದು ಹುಡುಕುತ್ತಿದ್ದವು. ಹಿಂದೂಸ್ಥಾನದಲ್ಲಿ ಬೇರಾರಿನಷ್ಟು ಒಳ್ಳೆಯ ಹತ್ತಿಯ ನೆಲ ಕಡಿಮೆ. 21 ಮೇ 1853ರಂದು ಒಪ್ಪಂದವಾಯಿತು. ಬೇರಾರ್, ರಾಯಚೂರು ದೋಆಬ್, ಧಾರಾಶಿವ ಕಡೆಯ ಸೀಮೆ, ಈ ಮೂರರ ಆಡಳಿತ ಕಂಪನಿಯ ಕೈಗೆ ಹೋಯಿತು. ನಿಜಾಮ ನಾಸಿರ್-ಉದ್-ದೌಲಾ ಅವರು ಇದಕ್ಕೆ ಎಷ್ಟು ನೊಂದುಕೊಂಡರೆಂಬುದನ್ನು ಇಂಗ್ಲಿಷರ ಕಾಗದಗಳೇ ಹೇಳುತ್ತವೆ. ಒಪ್ಪಂದದ ಕೆಲವೇ ದಿನಗಳಲ್ಲಿ ದಿವಾನ ಸಿರಾಜ್-ಉಲ್-ಮುಲ್ಕ್ ತೀರಿಕೊಂಡರು. ಆ ತಿಂಗಳ ಕೊನೆಗೆ ಅವರ ಅಣ್ಣನ ಮಗ ತುರಾಬ್ ಅಲಿಗೆ ದಿವಾನಗಿರಿ ಬಂತು. ವಯಸ್ಸು 24.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಆ ವಯಸ್ಸಿನ ಆಸುಪಾಸಿನವರು. ಅವರಿಗೆ ಸಿಕ್ಕಿದ ರಾಜ್ಯದ ಸ್ಥಿತಿ ಕೇಳಿ. ಖಜಾನೆ ಖಾಲಿ. ನಿಜಾಮರ ಒಡವೆಗಳು ಒತ್ತೆ ಬಿದ್ದಿದ್ದವು. ಪರಗಣೆಗಳೆಷ್ಟೋ ಅರಬ್ಬರ, ರೋಹಿಲ್ಲಾಗಳ, ಸಾಹುಕಾರರ ಕೈಯಲ್ಲಿ ಅಡವು. ಕಂದಾಯವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಹೆಚ್ಚು ಹಣ ಹೇಳಿದವನು ತಾಲ್ಲೂಕುದಾರ. ಅವನು ರೈತನಿಂದ ಎಷ್ಟು ಹಿಂಡಿದನೆಂದು ಕೇಳುವವರಿಲ್ಲ. ಸಾಲಾರ್ ಜಂಗ್ ಮೊದಲು ಕೈಹಾಕಿದ್ದು ಇದಕ್ಕೇ. ಗುತ್ತಿಗೆ ಪದ್ಧತಿಯನ್ನು ಹಂತಹಂತವಾಗಿ ತೆಗೆದರು. ಸಂಬಳದ ತಾಲ್ಲೂಕುದಾರರನ್ನು ನೇಮಿಸಿದರು. ಅಡವಿಟ್ಟ ಪರಗಣೆಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಕಂಡಕಂಡ ಟಂಕಸಾಲೆಗಳ ನಾಣ್ಯಗಳ ಬದಲು ಹಾಲಿ ಸಿಕ್ಕಾ ರೂಪಾಯಿ ತಂದರು. 1865ರಲ್ಲಿ ಜಿಲಾಬಂದಿ ಮಾಡಿ ಇಡೀ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ನಮ್ಮ ಶಹಾಪುರ, ಸುರಪುರ ತಾಲ್ಲೂಕುಗಳು ಮುಂದೆ ಲಿಂಗಸುಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ಒಡೆದಾಗ ಗುಲ್ಬರ್ಗಾಕ್ಕೆ ಸೇರಿದವು. ಇಂದು ನೀವು ಯಾದಗಿರಿ ಜಿಲ್ಲಾ ಕಚೇರಿಯಲ್ಲಿ ಪಹಣಿಗೂ ಪೋಡಿಗೂ ಅಲೆಯುವಾಗ ಕೇಳುವ ಎಷ್ಟೋ ಪಾರ್ಸಿ ಶಬ್ದಗಳು ಆ ಕಾಲದ ಕಚೇರಿಗಳಿಂದಲೇ ಉಳಿದು ಬಂದವು.

ಈಗ ನಮ್ಮ ಊರಿನವರಿಗೆ ಕಹಿಯಾದ ಭಾಗ. 1857ರ ದಂಗೆ ಎದ್ದಾಗ ಹೈದರಾಬಾದಿನ ಬೀದಿಗಳು ಕುದಿಯುತ್ತಿದ್ದವು. ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಅವರ ನೇತೃತ್ವದಲ್ಲಿ ಜನ ರೆಸಿಡೆನ್ಸಿಯ ಮೇಲೆ ಏರಿ ಹೋದರು. ಸಾಲಾರ್ ಜಂಗ್ ಮೊದಲೇ ರೆಸಿಡೆಂಟ್ ಡೇವಿಡ್‌ಸನ್ನನಿಗೆ ಸುದ್ದಿ ಮುಟ್ಟಿಸಿದ್ದರು. ದಾಳಿ ಸೋತಿತು. ಮೌಲ್ವಿಯವರು ಅಂಡಮಾನಿಗೆ ಹೋದರು, ತುರ್ರೆಬಾಜ್ ಖಾನ್ ಗುಂಡಿಗೆ ಬಲಿಯಾದರು. ದಿವಾನರನ್ನು ಶಹರಿನ ಜನ ದ್ರೋಹಿ ಎಂದರು. 1859ರಲ್ಲಿ ದರ್ಬಾರಿನಿಂದ ರೆಸಿಡೆಂಟರ ಜೊತೆ ಹೊರಬರುತ್ತಿದ್ದಾಗ ಅವರ ಮೇಲೆ ಕೊಲೆಯ ಯತ್ನವೂ ನಡೆಯಿತು.

ಅದೇ ಹೊತ್ತಿಗೆ ಸುರಪುರ. ಬೇಡ ನಾಯಕರ ಆ ಸಂಸ್ಥಾನ ನಿಜಾಮರಿಗೆ ಕಪ್ಪ ಕೊಡುತ್ತಿತ್ತು. ರಾಜಾ ವೆಂಕಟಪ್ಪ ನಾಯಕರು ಅಪ್ರಾಪ್ತರಾಗಿದ್ದಾಗ 1841ರಿಂದ 1853ರವರೆಗೆ ಅಲ್ಲಿನ ವ್ಯವಹಾರ ನೋಡಿದವನು ಮೆಡೋಸ್ ಟೇಲರ್. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಿಮಗೆಲ್ಲ ಗೊತ್ತು. 1858ರ ಫೆಬ್ರವರಿಯಲ್ಲಿ ರಾಜರು ಇಂಗ್ಲಿಷ್ ಪಡೆಯ ಮೇಲೆ ತಿರುಗಿ ಬಿದ್ದರು. ಸುತ್ತಲಿಂದ ಸೈನ್ಯ ಕೂಡಿಬಂದಾಗ ಸುರಪುರ ಬಿಟ್ಟು ಹೈದರಾಬಾದಿಗೆ ಹೋದರು. ಅಲ್ಲಿ ಆಸರೆ ಸಿಕ್ಕೀತೆಂಬ ನಂಬಿಕೆ ಇದ್ದಿರಬೇಕು. ಆದರೆ ಹಿಡಿದು ದಿವಾನರ ಮುಂದೆ ತಂದರು. ದಿವಾನರು ರೆಸಿಡೆಂಟರಿಗೆ ಒಪ್ಪಿಸಿದರು. ಮರಣದಂಡನೆಯ ಶಿಕ್ಷೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಆ ಎಳೆವಯಸ್ಸಿನ ರಾಜರ ಪ್ರಾಣ ಹೋಯಿತು.

ಈ ಒಂದು ಸಂಗತಿಯಿಂದಾಗಿ ಸಗರನಾಡಿನಲ್ಲಿ ಸಾಲಾರ್ ಜಂಗರ ಹೆಸರನ್ನು ಹೊಗಳಿ ಹೇಳಲು ನಾಲಿಗೆ ತಡೆಯುತ್ತದೆ. ತಡೆಯಬೇಕು ಕೂಡ. ಅವರ ಪರವಾಗಿ ಹೇಳಬಹುದಾದದ್ದು ಇಷ್ಟೇ. ಒಂದು ವರ್ಷದ ಹಿಂದೆ, 1856ರಲ್ಲಿ, ಕಂಪನಿ ಅವಧ್ ರಾಜ್ಯವನ್ನು ಆಡಳಿತ ಸರಿಯಿಲ್ಲ ಎಂಬ ಒಂದೇ ನೆವದಿಂದ ನುಂಗಿತ್ತು. ದಂಗೆಯಲ್ಲಿ ಸೋತರೆ ಹೈದರಾಬಾದಿನ ಗತಿ ಏನಾಗುತ್ತದೆಂದು ಅವರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿತ್ತು, ಸಂಸ್ಥಾನ ಉಳಿಯಿತು. ಬೆಲೆ ತೆತ್ತವರಲ್ಲಿ ಸುರಪುರದವರೂ ಇದ್ದರು.

ಬೆಲೆಯ ಇನ್ನೊಂದು ಮುಖ 1860ರ ಡಿಸೆಂಬರಿನಲ್ಲಿ ಕಂಡಿತು. ಇಂಗ್ಲಿಷ್ ಸರಕಾರ ಮೆಚ್ಚಿ ಹೊಸ ಒಪ್ಪಂದ ಮಾಡಿತು. 50 ಲಕ್ಷದ ಸಾಲ ಮನ್ನಾ. ರಾಯಚೂರು ದೋಆಬ್ ಮತ್ತು ಧಾರಾಶಿವ ಸೀಮೆ ವಾಪಸು. ಮುಟ್ಟುಗೋಲಾಗಿದ್ದ ಸುರಪುರ ನಿಜಾಮರಿಗೆ ಬಹುಮಾನ. ಬೇರಾರ್ ಮಾತ್ರ ಕಂಟಿಂಜೆಂಟಿನ ಖರ್ಚಿಗಾಗಿ ಇಂಗ್ಲಿಷರ ಬಳಿಯೇ ಉಳಿಯಿತು, ಒಡೆತನ ನಿಜಾಮರದು ಎಂಬ ಮಾತಿನೊಂದಿಗೆ. ಅದರ ಜೊತೆ ಒಂದು ಸಣ್ಣ ಷರತ್ತು ಸೇರಿತು. 1853ರ ಒಪ್ಪಂದದಂತೆ ಬೇರಾರಿನ ಜಮಾ ಖರ್ಚಿನ ಲೆಕ್ಕ ಕೇಳುವ ಹಕ್ಕು ನಿಜಾಮರಿಗಿತ್ತು. ಇನ್ನು ಮುಂದೆ ಕೇಳುವಂತಿಲ್ಲ. ಮಿಕ್ಕಿದ್ದೇನಾದರೂ ಇದ್ದರೆ ಕೊಡುತ್ತಾರೆ. ಎಷ್ಟು ಮಿಕ್ಕಿತೆಂದು ಹೇಳುವವರೂ ಅವರೇ. ಓದುಗರೇ, ಕಾಗದಕ್ಕೆ ಸಹಿ ಹಾಕುವ ಮುನ್ನ ಕೊನೆಯ ಸಾಲನ್ನೂ ಓದಿ ಎಂದು ಬ್ಯಾಂಕಿಗೆ ಹೋಗುವವರಿಗೆ ನಾವು ಹೇಳುತ್ತೇವಲ್ಲ, ಅಂಥದೇ ಸಾಲು ಅದು. ದಿವಾನರು ಓದಿರಲಿಲ್ಲವೆಂದಲ್ಲ. ಆ ಹೊತ್ತಿನಲ್ಲಿ ಬೇಡವೆನ್ನುವ ಬಲ ಹೈದರಾಬಾದಿಗೆ ಇರಲಿಲ್ಲ.

ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. 1861ರಿಂದ 1865ರವರೆಗೆ ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗುವುದು ನಿಂತಂತಾಯಿತು. ಲ್ಯಾಂಕಶೈರಿನ ಗಿರಣಿಗಳು ಮುಚ್ಚಿ ಕೂಲಿಕಾರರು ಹಸಿವಿನಿಂದ ಒದ್ದಾಡಿದರು. ಹಿಂದೂಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂತು. ಬೇರಾರಿನ ಅಮರಾವತಿ, ಖಾಮಗಾಂವ್ ಪೇಟೆಗಳು ಉಬ್ಬಿದವು. 1867ರಲ್ಲಿ ಬೊಂಬಾಯಿಯಿಂದ ಬೇರಾರಿನ ಮೂಲಕ ನಾಗಪುರಕ್ಕೆ ರೈಲು ಮುಟ್ಟಿತು. 1870ರಲ್ಲಿ ಖಾಮಗಾಂವ್ ಪೇಟೆಗೇ ಒಂದು ಕವಲು ಹಳಿ ಹಾಕಿಸಿದರು, ಅದನ್ನು ತೆರೆಯಲು ವೈಸರಾಯ್ ಮೇಯೋ ತಾನೇ ಬಂದ. ಒಂದು ಹತ್ತಿ ಪೇಟೆಯ ಹಳಿಗೆ ವೈಸರಾಯ್ ಬಂದನೆಂದರೆ ಆ ಸೀಮೆಯನ್ನು ಅವರು ಬಿಟ್ಟುಕೊಡುವರೇ ಎಂದು ನೀವೇ ಯೋಚಿಸಿ.

ಹತ್ತಿಯಲ್ಲಿ ನೆಲದಷ್ಟೇ ಬೀಜ, ಯಂತ್ರ, ವಿದ್ಯೆಗಳಿಗೂ ಬೆಲೆ. 1840ರ ದಶಕದಿಂದಲೇ ಕಂಪನಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ತರಿಸಿ ನಮ್ಮ ಧಾರವಾಡದ ಎರೆಹೊಲಗಳಲ್ಲಿ ಬೆಳೆಸಿತ್ತು. ಅರಳೆ ಬಿಡಿಸುವ ಗರಗಸದ ಜಿನ್ ಯಂತ್ರಗಳನ್ನೂ ಅಲ್ಲಿ ಹಂಚಿತ್ತು. ಆ ಬೀಜದ ವ್ಯವಹಾರ ಇಂದೂ ಮುಗಿದಿಲ್ಲ. ಸುರಪುರ, ಶಹಾಪುರದ ರೈತರು ಬಿತ್ತುವ ಬಿಟಿ ಹತ್ತಿಗೆ ಭಾರತದಲ್ಲಿ ಪರವಾನಗಿ ಸಿಕ್ಕಿದ್ದು 2002ರಲ್ಲಿ. ತಂತ್ರಜ್ಞಾನ ಅಮೆರಿಕದ ಮೊನ್ಸ್ಯಾಂಟೊ ಕಂಪನಿಯದು. 450 ಗ್ರಾಮಿನ ಒಂದು ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ, ಅದರಲ್ಲಿ ದೊಡ್ಡ ಪಾಲು ಬರೀ ತಂತ್ರಜ್ಞಾನದ ಶುಲ್ಕ. ಹೈದರಾಬಾದಿನಲ್ಲಿ ಕುಳಿತ ಆಂಧ್ರ ಸರಕಾರ 2006ರಲ್ಲಿ ದೂರು ಕೊಟ್ಟು ಹೋರಾಡಿದ ಮೇಲೆ ಬೆಲೆ 750ಕ್ಕೆ ಇಳಿಯಿತು. ಆ ಹೋರಾಟ ನಡೆದದ್ದೂ ಕರಾರು, ಲೆಕ್ಕ, ಕಾನೂನುಗಳ ಕಾಗದದ ಮೇಲೆಯೇ.

ಸಾಲಾರ್ ಜಂಗರ ಕಾದಾಟವೂ ಹಾಗೇ ಕಾಗದದ್ದು. ಅದಕ್ಕೆ ಬೇಕಾದ ಜನರನ್ನು ಅವರು ಹುಡುಕಿ ತಂದರು. 1850ರ ದಶಕದಲ್ಲಿ ದಾರುಲ್ ಉಲೂಮ್ ತೆರೆದು ಅರಬ್ಬಿ ಪಾರ್ಸಿಯ ಜೊತೆ ಇಂಗ್ಲಿಷನ್ನೂ ಕಲಿಸಿದರು. 1873ರಲ್ಲಿ ಉಮರಾವುಗಳ ಮಕ್ಕಳಿಗೆ ಮದ್ರಸಾ-ಎ-ಆಲಿಯಾ ಆರಂಭಿಸಿದರು. ಸರ್ ಸೈಯದ್ ಅಹಮದ್ ಖಾನರ ಅಲಿಗಢದ ಬಳಗದಿಂದ ಮೊಹ್ಸಿನ್-ಉಲ್-ಮುಲ್ಕ್, ವಿಕಾರ್-ಉಲ್-ಮುಲ್ಕ್, ಚಿರಾಗ್ ಅಲಿ ಮುಂತಾದವರನ್ನು ಕರೆಸಿ ಇಲಾಖೆಗಳನ್ನು ಒಪ್ಪಿಸಿದರು. ಉರ್ದು ಓದುವವರಿಗೆ ಪರಿಚಿತರಾದ ಡೆಪ್ಯುಟಿ ನಜೀರ್ ಅಹಮದರೂ ಹೀಗೆ ಬಂದವರೇ. ಬೊಂಬಾಯಿ ಪ್ರಾಂತದ ರೈತವಾರಿ ಸರ್ವೆಯ ಪದ್ಧತಿಯನ್ನು ತರಿಸಿ ಇಲ್ಲಿ ಹೊಲಗಳನ್ನು ಅಳೆಸಿದರು. ಎದುರಾಳಿಯ ವಿದ್ಯೆಯನ್ನು ನಾಚದೆ ತೆಗೆದುಕೊಂಡರು.

ರೈಲಿನ ವಿಷಯ ಬೇರೆ. 1871ರಲ್ಲಿ ಬೊಂಬಾಯಿಯ ಹಳಿ ಗುಲ್ಬರ್ಗಾ, ವಾಡಿ, ಯಾದಗಿರಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಹೈದರಾಬಾದಿಗೆ ಹಳಿ ಬೇಕೆಂದು ಇಂಗ್ಲಿಷರಿಗೆ ಆತುರ, ಸಿಕಂದರಾಬಾದಿನ ದಂಡಿಗಾಗಿ. ಹಣ ನಿಜಾಮರದು. 1874ರಲ್ಲಿ ಅದೂ ತೆರೆಯಿತು.

1869ರಲ್ಲಿ ನಿಜಾಮ ಅಫ್ಜಲ್-ಉದ್-ದೌಲಾ ತೀರಿಕೊಂಡಾಗ ಪಟ್ಟಕ್ಕೆ ಬಂದ ಮಹಬೂಬ್ ಅಲಿ ಖಾನರಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹಿಂದೆ ಇದೇ ಅಫ್ಜಲ್-ಉದ್-ದೌಲಾ ದಿವಾನರನ್ನು ತೆಗೆಯಲು ನೋಡಿದಾಗ ತಡೆದವನು ರೆಸಿಡೆಂಟನೇ. ಈಗ ಸಾಲಾರ್ ಜಂಗ್ ಜಂಟಿ ರಾಜಪ್ರತಿನಿಧಿ. ಯಾರ ಬೆಂಬಲದಿಂದ ಕುರ್ಚಿ ಉಳಿದಿತ್ತೋ ಅವರೊಡನೆಯೇ ಜಗಳಕ್ಕೆ ನಿಂತರು. 1872ರಿಂದ ಒಂದರ ಮೇಲೊಂದು ಮನವಿ ಹೋಯಿತು. ವಾದ ಸರಳವಾಗಿತ್ತು. ಬೇರಾರ್ ಇರುವುದು ಪಡೆಯ ಖರ್ಚಿನ ಭದ್ರತೆಗೆ ತಾನೇ? ಆ ಖರ್ಚು ಬಡ್ಡಿಯಿಂದಲೇ ಸಾಗುವಷ್ಟು ನಗದು ಠೇವಣಿ ಇಡುತ್ತೇವೆ, ಸೀಮೆ ಬಿಡಿ. ಅಸಲಿಗೆ 1800ರ ಒಪ್ಪಂದದ ಪ್ರಕಾರ ಶಾಂತಿಯ ಕಾಲದಲ್ಲಿ ಆ ಪಡೆಯೇ ಬೇಕಿಲ್ಲ ಎಂದೂ ಎತ್ತಿ ತೋರಿಸಿದರು. ವೈಸರಾಯ್ ನಾರ್ತ್‌ಬ್ರೂಕ್ ಒಪ್ಪಲಿಲ್ಲ.

1876ರಲ್ಲಿ ಅವರು ಹಡಗು ಹತ್ತಿದರು. ಪ್ಯಾರಿಸಿನ ಹೋಟೆಲಿನಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಲಂಡನ್ನಿನಲ್ಲಿ ಆದರ ಕಡಿಮೆಯಾಗಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿತು, ನಗರಸಭೆ ನಗರದ ಗೌರವ ಕೊಟ್ಟಿತು. ಬೇರಾರ್ ಮಾತ್ರ ಕೊಡಲಿಲ್ಲ. ಆಗಷ್ಟೇ, 1875ರಲ್ಲಿ, ಸಾಲದಲ್ಲಿ ಮುಳುಗಿದ ಈಜಿಪ್ಟಿನ ಖೆದಿವ್ ಇಸ್ಮಾಯಿಲ್ ಸುಯೆಜ್ ಕಾಲುವೆಯ ತನ್ನ ಷೇರುಗಳನ್ನು 40 ಲಕ್ಷ ಪೌಂಡಿಗೆ ಬ್ರಿಟಿಷ್ ಸರಕಾರಕ್ಕೆ ಮಾರಿದ್ದ. ಏಳು ವರ್ಷಗಳಲ್ಲಿ ಬ್ರಿಟಿಷ್ ಸೈನ್ಯ ಈಜಿಪ್ಟಿಗೇ ಇಳಿಯಿತು. ನಮ್ಮ ಕಾಲದಲ್ಲಿ ಶ್ರೀಲಂಕೆಯ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಯ ಕೈಸೇರಿದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಬೇರಾರಿನ ಕಥೆ ಹಳೆಯದೆನಿಸದು.

ಭಾರತ ಸರಕಾರದ ಮುನಿಸು ಬೇಗನೆ ಹೊರಬಿತ್ತು. ವೈಸರಾಯ್ ಲಿಟ್ಟನ್ ತನ್ನ ಪತ್ರಗಳಲ್ಲಿ ಇವರನ್ನು ದೇಶದಲ್ಲೇ ಬಲು ಅಪಾಯಕಾರಿ ಮನುಷ್ಯನೆಂದು ಬರೆದ. ಇಪ್ಪತ್ತು ವರ್ಷದ ಹಿಂದೆ ಹೈದರಾಬಾದನ್ನು ಇಂಗ್ಲಿಷರಿಗೆ ಉಳಿಸಿಕೊಟ್ಟವರು ಇವರೇ. 1877ರಲ್ಲಿ ಇವರಿಗೆ ಇಷ್ಟವಿಲ್ಲದಿದ್ದರೂ ಇವರ ವಿರೋಧಿ ಅಮೀರ್-ಎ-ಕಬೀರ್ ರಶೀದುದ್ದೀನ್ ಖಾನರನ್ನು ಜೊತೆಗೆ ಕೂಡಿಸಿದರು. 1878ರಲ್ಲಿ ಲಂಡನ್ನಿನಿಂದ ಉತ್ತರ ಬಂತು: ನಿಜಾಮರು ಪ್ರಾಪ್ತರಾಗುವವರೆಗೆ ಈ ಮಾತು ಎತ್ತಬೇಡಿ. ಅದೇ ವರ್ಷಗಳಲ್ಲಿ ನಮ್ಮ ರಾಯಚೂರು, ಲಿಂಗಸುಗೂರು, ಸುರಪುರದ ಕಡೆ ಭೀಕರ ಬರ ಬಿದ್ದು ದಿವಾನರಿಗೆ ಅನ್ನದ ಚಿಂತೆಯೇ ಮೊದಲಾಯಿತು.

ಮಹಬೂಬ್ ಅಲಿ ಖಾನರು ಪ್ರಾಪ್ತರಾಗುವುದನ್ನು ಅವರು ಕಾಣಲಿಲ್ಲ. 1883ರ ಫೆಬ್ರವರಿಯಲ್ಲಿ ಜರ್ಮನಿಯ ರಾಜವಂಶದ ಅತಿಥಿಯೊಬ್ಬರಿಗೆ ಮೀರ್ ಆಲಂ ಕೆರೆಯಲ್ಲಿ ಔತಣ ಕೊಟ್ಟರು. ಮರುದಿನ, 8ನೇ ತಾರೀಖು, ಕಾಲರಾದಿಂದ ತೀರಿಕೊಂಡರು. ವಯಸ್ಸು 54. ವಿಷವಿಕ್ಕಿದರೆಂದು ಶಹರಿನಲ್ಲಿ ಮಾತಾಡಿಕೊಂಡರು. ದಾಯಿರಾ ಮೀರ್ ಮೋಮಿನ್‌ನಲ್ಲಿ ಮಣ್ಣು ಮಾಡಿದರು. ಮೂರೇ ವರ್ಷದಲ್ಲಿ ಸಂಸ್ಥಾನದ ಗಣಿಗಳ ಹಕ್ಕು ಲಂಡನ್ನಿನ ಕಂಪನಿಯೊಂದಕ್ಕೆ ಹೋಯಿತು. ಆ ವ್ಯವಹಾರದ ಹಗರಣದ ಬಗ್ಗೆ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ವಿಚಾರಣೆ ನಡೆಸಿತು.

ಬೇರಾರಿನ ಮುಂದಿನ ಗತಿ ಕೇಳಿ. 1902ರಲ್ಲಿ ವೈಸರಾಯ್ ಕರ್ಜನ್ ಹೈದರಾಬಾದಿಗೆ ಬಂದು ಮಹಬೂಬ್ ಅಲಿ ಖಾನರಿಂದ ಅದನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಗುತ್ತಿಗೆ ಬರೆಸಿಕೊಂಡ. ಉಸ್ಮಾನ್ ಅಲಿ ಖಾನರು ಮತ್ತೆ ಕೇಳಿದಾಗ 1926ರಲ್ಲಿ ವೈಸರಾಯ್ ರೀಡಿಂಗ್ ಖಡಾಖಂಡಿತವಾಗಿ ನಿರಾಕರಿಸಿದ. 1936ರಲ್ಲಿ ನಿಜಾಮರ ಹಿರಿಯ ಮಗನಿಗೆ ಬೇರಾರಿನ ರಾಜಕುಮಾರ ಎಂಬ ಬಿರುದು ಸಿಕ್ಕಿತು, ನೆಲ ಸಿಗಲಿಲ್ಲ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1 ನವೆಂಬರ್ 1956ರಂದು ರಾಜ್ಯಗಳ ಗಡಿ ಬದಲಾದಾಗ ಬೇರಾರ್ ಬೊಂಬಾಯಿ ರಾಜ್ಯಕ್ಕೆ, ಹೈದರಾಬಾದ್ ಆಂಧ್ರ ಪ್ರದೇಶಕ್ಕೆ, ರಾಯಚೂರು ದೋಆಬಿನೊಂದಿಗೆ ಯಾದಗಿರಿ, ಶಹಾಪುರ, ಸುರಪುರಗಳು ಮೈಸೂರು ರಾಜ್ಯಕ್ಕೆ ಸೇರಿದವು.